ಬಟಾಣಿ ಅಲ್ಲಾಡುವ ಸದ್ದು

ನನ್ನ ಮೇಜಿನ ಮೇಲಿನ ಪೆನ್ನಿನ ಡಬ್ಬಿಯಲ್ಲಿ ಎರಡು ಪೆನ್ನು, ಒಂದು ಮೊಂಡು ಪೆನ್ಸಿಲ್ಲು, ಜೊತೆಗೆ ಗೇಣುದ್ದದ ಒಂದು ಸೈಕಲ್ ಕಡ್ಡಿ ಇದೆ. ಮನೆಗೆ ಬಂದವರು ಪೆನ್ನು ಬಿಟ್ಟು ಆ ಕಡ್ಡಿಯನ್ನೇ ಕೈಗೆತ್ತಿಕೊಳ್ಳುತ್ತಾರೆ. ಒಬ್ಬರು ಮಾತಾಡುತ್ತಾ ಮಾತಾಡುತ್ತಾ ಅದರಿಂದ ಬೆನ್ನು ತುರಿಸಿಕೊಂಡರು. ಗಮನವಿಟ್ಟು ನೋಡಿದವರಿಗೆ ಮಾತ್ರ ಅದರ ಮೇಲೆ ಅರದಿಂದ ಉಜ್ಜಿದ ಎರಡು ಗೀರು ಕಾಣುತ್ತವೆ. ಎರಡರ ನಡುವಿನ ಅಂತರ ಅರ್ಧ ಅಕ್ಕಿಕಾಳಿನಷ್ಟು. ಕಳೆದ ಚಳಿಗಾಲದಲ್ಲಿ ಆ ಅರ್ಧ ಅಕ್ಕಿಕಾಳಿನ ಜಾಗದಲ್ಲಿ ನನ್ನ ಮೋಟಾರು ಸೈಕಲ್ಲೂ ಅದರ ಜೊತೆಗೆ ನನ್ನ ಮಾನವೂ ಸಿಕ್ಕಿಹಾಕಿಕೊಂಡಿದ್ದವು ಎಂದರೆ ನೀವು ನಗಬಹುದು. ನಗಿ, ತೊಂದರೆಯಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಮನೆ ಶಿವಮೊಗ್ಗದಲ್ಲಿ, ಶಾಲೆ ಭದ್ರಾವತಿಯ ಕಾಗದನಗರದಲ್ಲಿ. ಇಪ್ಪತ್ತೇಳು ವರ್ಷ ಇದೇ ಗಾಡಿಯಲ್ಲಿ ಹೋಗಿಬಂದೆ. ಪೆಟ್ರೋಲಿನ ಜೊತೆ ಎಣ್ಣೆ ಬೆರೆಸಿ ಕುಡಿಸಬೇಕಾದ, ಎರಡು ಸೈಲೆನ್ಸರಿನ, ಹಳೆಯ ಕಾಲದ ಗಾಡಿ ಅದು. ನಾನು ತರಗತಿಗೆ ಬರುವ ಮುಂಚೆಯೇ ನನ್ನ ಹೊಗೆಯ ವಾಸನೆ ಬರುತ್ತಿತ್ತಂತೆ. ಮಕ್ಕಳು ಪುಸ್ತಕ ತೆಗೆದು ಸಿದ್ಧವಾಗಿರುತ್ತಿದ್ದರು. ಅದನ್ನು ನಾನು ಬಹಳ ವರ್ಷ ಶಿಸ್ತು ಎಂದುಕೊಂಡಿದ್ದೆ.

ಸದ್ದಿನ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಒಂದು ಜಂಬವಿತ್ತು. ನಾನು ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ನಮ್ಮ ಜಗಲಿಯ ಮುಂದೆಯೇ ರಸ್ತೆ. ರಜೆಯ ಮಧ್ಯಾಹ್ನಗಳಲ್ಲಿ ನಾವೆಲ್ಲ ರಸ್ತೆಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ಕುಳಿತು, ಬರುವ ಗಾಡಿ ಯಾವುದು ಎಂದು ಸದ್ದಿನಿಂದಲೇ ಹೇಳುವ ಆಟ ಆಡುತ್ತಿದ್ದೆವು. ಕಬ್ಬಿನ ಲಾರಿ, ಡಾಕ್ಟರ ಸ್ಕೂಟರು, ಸಿನಿಮಾ ಪ್ರಚಾರದ ಜೀಪು, ಇವೆಲ್ಲ ಎಲ್ಲರಿಗೂ ಗೊತ್ತು. ಆದರೆ ಲಾರಿ ತುಂಬಿದೆಯೋ ಖಾಲಿಯೋ ಎಂದು ಹೇಳುತ್ತಿದ್ದವನು ನಾನೊಬ್ಬನೇ. ಗೋಡೆಯ ಸುಣ್ಣ ನಮ್ಮ ಹಣೆಗೆಲ್ಲ ಮೆತ್ತಿಕೊಂಡಿರುತ್ತಿತ್ತು. ಅಮ್ಮ ಸಂಜೆ ಅದನ್ನು ಸೆರಗಿನಿಂದ ಒರೆಸುತ್ತಾ, ಇಷ್ಟು ಚುರುಕು ಕಿವಿ ಮಗ್ಗಿ ಹೇಳಿಕೊಡುವಾಗ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿದ್ದಳು.

ಅಂಥ ಕಿವಿ ಅರವತ್ತೈದು ದಾಟಿದ ಮೇಲೆ ಮೆಲ್ಲಗೆ ಕೈಕೊಡತೊಡಗಿತು. ನಾನು ಯಾರಿಗೂ ಹೇಳಲಿಲ್ಲ. ಹೇಳದೆ ನಿಭಾಯಿಸುವ ವಿದ್ಯೆಯೊಂದಿದೆ. ಎದುರಿನವರು ನಕ್ಕರೆ ನಗುವುದು, ಮುಖ ಗಂಭೀರವಾಗಿದ್ದರೆ ತುಟಿ ಬಿಗಿದು ತಲೆಯಾಡಿಸುವುದು, ಎರಡೂ ತಿಳಿಯದಿದ್ದರೆ ಕೆಮ್ಮುವುದು. ನಮ್ಮ ಬಡಾವಣೆಯ ಸಭೆಯೊಂದರಲ್ಲಿ ಯಾರೋ ನನ್ನ ಕಡೆ ತಿರುಗಿ ಏನೋ ಕೇಳಿದರು. ಮುಖ ಪ್ರಸನ್ನವಾಗಿತ್ತು, ತಲೆಯಾಡಿಸಿದೆ. ಮನೆಗೆ ಬರುವಷ್ಟರಲ್ಲಿ ನಾನು ಗಣಪತಿ ಸಮಿತಿಯ ಅಧ್ಯಕ್ಷನಾಗಿದ್ದೆ.

ನನ್ನ ಹೆಂಡತಿ ವಿಮಲಾ ಮುಂದೆ ಮಾತ್ರ ಈ ವಿದ್ಯೆ ನಡೆಯುವುದು ಕಷ್ಟ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಟ್ರಂಕ್ ಕಾಲಿನ ಕಾಲದಲ್ಲಿ, ಗಾಳಿ ಮಳೆಯ ಸದ್ದಿನ ನಡುವೆ ಯಾರೋ ದೂರದಲ್ಲಿ ಅಳುತ್ತಾ ಹೇಳಿದ ನಂಬರನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಈಗಲೂ ಫೋನೆತ್ತಿದರೆ ದನಿ ತಾನಾಗಿ ಅರ್ಧ ಸ್ವರ ಮೇಲೇರುತ್ತದೆ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಇಬ್ಬರೂ ಗಾಜನೂರಿಗೆ ಹೊರಟೆವು. ವಿಶೇಷವೇನಿಲ್ಲ. ತುಂಗೆಯ ಅಣೆಕಟ್ಟೆಯ ಹತ್ತಿರ ಬಿಸಿಲಿನಲ್ಲಿ ಕೂತು ಉಪ್ಪಿಟ್ಟು ತಿಂದು ಬರುವುದು ನಮ್ಮ ಚಳಿಗಾಲದ ಪದ್ಧತಿ. ಊರು ಹತ್ತಿರ ಬಂದು ರಸ್ತೆ ಏರತೊಡಗಿದಾಗ ಗಾಡಿಯ ಕಸುವು ಇಳಿದಂತೆನಿಸಿತು. ಹಿಂದಿನಿಂದ ವಿಮಲಾ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ನಿಲ್ಲಿಸಿ, ಹೆಲ್ಮೆಟ್ ತೆಗೆದು ಏನೆಂದು ಕೇಳಿದೆ.

"ರೀ, ಡಬ್ಬೀಲಿ ಬಟಾಣಿ ಅಲ್ಲಾಡ್ಸಿದ ಹಾಗೆ ಸದ್ದು ಬರ್ತಿದೆಯಲ್ಲ, ಅದೇನು?"

ನಾನು ಕಿವಿಗೊಟ್ಟೆ. ಇಂಜಿನ್ನಿನ ದಪ್ಪ ಸದ್ದು, ನನಗೆ ಪರಿಚಯದ್ದು, ಸರಿಯಾಗಿಯೇ ಇತ್ತು. ಬಟಾಣಿ ಎಲ್ಲಿಯೂ ಕೇಳಲಿಲ್ಲ. ಏನೂ ಇಲ್ಲ, ಉಪ್ಪಿಟ್ಟಿನ ಡಬ್ಬಿ ಇರಬೇಕು ಎಂದೆ. ಮತ್ತೆ ಹತ್ತು ಮಾರು ಹೋಗುವಷ್ಟರಲ್ಲಿ ಇಂಜಿನ್ನು ಕಾದು ತಾನೇ ನಿಂತುಬಿಟ್ಟಿತು. ಒಂದಷ್ಟು ಆರಲು ಬಿಟ್ಟು ಕಿಕ್ ಒದ್ದೆ. ಕಿಕ್ಕರು ಅರ್ಧಕ್ಕೇ ತಿರುಗಿ ಬಂದು ನನ್ನ ಮೊಣಕಾಲಿನ ಕೆಳಗೆ ಹೊಡೆಯಿತು. ಇಷ್ಟು ವರ್ಷ ಸಾಕಿದ ಹಸು ಒದ್ದಂತಾಯಿತು.

ಈ ಗಾಡಿಯನ್ನು ನೋಡಿಕೊಳ್ಳುತ್ತಿದ್ದವನು ಖಲೀಲ. ಓಲ್ಡ್ ಟೌನಿನಲ್ಲಿ ಅವನದೊಂದು ಗ್ಯಾರೇಜಿದೆ. ಹಿಂದೆ ನನ್ನ ತರಗತಿಯಲ್ಲೇ ಕೂತಿದ್ದ ಹುಡುಗ. ಈಗ ನಲವತ್ತೈದರ ಗಂಡಸು, ಗಡ್ಡದಲ್ಲಿ ನರೆ ಬಂದಿದೆ. ಅವನು ನಿಚ್ಚಣಿಕೆಯಿಂದ ಬಿದ್ದು ಬಲಗೈಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿರುವುದು ನನಗೆ ಗೊತ್ತಿತ್ತು. ಆದರೂ ವಿಮಲಾ ಫೋನು ಮಾಡಿದಳು. ಹೇಗೋ ಗಾಡಿ ಚಾಲೂ ಆದ ಮೇಲೆ ಅವನು ಫೋನನ್ನು ಇಂಜಿನ್ನಿನ ಹತ್ತಿರ ಹಿಡಿಯಲು ಹೇಳಿದನಂತೆ, ಆಮೇಲೆ ತಕ್ಷಣ ಆಫ್ ಮಾಡಲು ಹೇಳಿದನಂತೆ. ಅದು ನಾಕಿಂಗು, ಸಿಲಿಂಡರಿನೊಳಗೆ ಕಿಡಿ ಹೊತ್ತಿಗೆ ಮುಂಚೆ ಹಾರುತ್ತಿದೆ, ಹೀಗೇ ಓಡಿಸಿದರೆ ಪಿಸ್ಟನ್ನು ತೂತಾಗುತ್ತದೆ ಎಂದನೆಂದು ವಿಮಲಾ ನನಗೆ ದಾಟಿಸಿದಳು. ಎಷ್ಟು ದಿನದಿಂದ ಹೀಗಿದೆ ಎಂದೂ ಕೇಳಿದ. ಇವತ್ತಿನಿಂದ ಎಂದು ನಾನು ಹೇಳುವಷ್ಟರಲ್ಲಿ ವಿಮಲಾ, "ದಸರಾದಿಂದ" ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ಫೋನಿನಲ್ಲಿ ಬಂದ ಮುಂದಿನ ಪ್ರಶ್ನೆಯನ್ನು ನನಗೆ ದಾಟಿಸಲಿಲ್ಲ. ಮೇಷ್ಟ್ರಿಗೆ ಕೇಳಿಸಲಿಲ್ಲವಾ ಎಂಬುದೇ ಅದೆಂದು ಊಹಿಸಲು ಕಿವಿ ಬೇಕಾಗಿರಲಿಲ್ಲ.

ಗಾಡಿಯನ್ನು ಲಗೇಜ್ ಆಟೋದಲ್ಲಿ ಮನೆಗೆ ತಂದೆವು. ಸಂಜೆ ಕಾಫಿಯ ಹೊತ್ತಿಗೆ ವಿಮಲಾ ಮಾತು ತೆಗೆದಳು. ಎರಡು ತಿಂಗಳಿಂದ ಆ ಸದ್ದು ಕೇಳುತ್ತಿದ್ದಳಂತೆ. ನನ್ನ ಗಾಡಿ, ನನಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದಳಂತೆ. ಕುಕ್ಕರು ಕೂಗಿದ್ದು, ಗೇಟು ಬಡಿದದ್ದು, ಯಾವುದೂ ನನಗೆ ಕೇಳುವುದಿಲ್ಲ ಎಂಬುದು ಅವಳಿಗೆ ಒಂದು ವರ್ಷದಿಂದ ಗೊತ್ತಂತೆ. ನಾನಾಗಿ ಹೇಳಲಿ ಎಂದು ಕಾದಳಂತೆ. ಇಷ್ಟನ್ನೆಲ್ಲ ಅವಳು ನನ್ನೆದುರು ಕೂತು, ಬಿಡಿಸಿ ಬಿಡಿಸಿ, ನಿಧಾನವಾಗಿ ಹೇಳಿದಳು. ಕೊನೆಗೆ ಲೋಟ ಎತ್ತಿಕೊಳ್ಳುತ್ತಾ ಹೇಳಿದ್ದು ಮಾತ್ರ ನನಗೆ ಇನ್ನೂ ಹಾಗೇ ನೆನಪಿದೆ.

"ದೊಡ್ಡ ಮಾತು ಹೇಗೋ ಹೇಳ್ತೀನಿ. ಸಣ್ಣ ಮಾತು ಹೇಳೋದೇ ಬಿಟ್ಟಿದೀನಿ. ಮೂರು ಸಲ ಕೂಗಿ ಹೇಳೋ ಅಷ್ಟು ಅದು ದೊಡ್ಡದಲ್ಲ ಅನ್ಸತ್ತೆ."

ಇದಕ್ಕೆ ನಾನು ಕೊಟ್ಟ ಉತ್ತರ ಏನು ಗೊತ್ತೇ? ಈಗಿನ ಪೆಟ್ರೋಲು ಸರಿಯಿಲ್ಲ ಎಂದೆ. ಅವಳು ಲೋಟ ತೊಳೆಯಲು ಹೋದಳು. ಹೋಗುವಾಗ, ಇನ್ನು ಮೇಲೆ ನಿಮ್ಮ ಹಿಂದೆ ನಾನು ಕೂರುವುದಿಲ್ಲ, ಹಿಂದೆ ಬರುವ ಲಾರಿಯ ದೊಡ್ಡ ಸದ್ದಾದರೂ ನಿಮಗೆ ಕೇಳುತ್ತದೆಂದು ನಂಬಿ ಇಷ್ಟು ದಿನ ಕೂತಿದ್ದೆ ಎಂದಳು.

ಅಂದೇ ನಿರ್ಧರಿಸಿದೆ, ಈ ಗಾಡಿಯ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ನಾನೇ ಸರಿ ಮಾಡುತ್ತೇನೆ ಎಂದು. ಕಿವಿಗೇನೂ ಆಗಿಲ್ಲ, ಆಗಿದ್ದು ಗಾಡಿಗೆ ಎಂದು ಸಾಬೀತು ಮಾಡುವ ಹಟವೂ ಅದರಲ್ಲಿತ್ತು. ಶಿವಮೊಗ್ಗದ ಒಂದೆರಡು ಗ್ಯಾರೇಜುಗಳಲ್ಲಿ ವಿಚಾರಿಸಿ ನೋಡಿದೆ. ಕಂಪ್ಯೂಟರಿನ ವೈರು ಸಿಕ್ಕಿಸುವ ಜಾಗ ಇದರಲ್ಲಿಲ್ಲವಲ್ಲ ಎಂದು ಒಬ್ಬ ತರುಣ ವಿನಯದಿಂದಲೇ ಹೇಳಿದ. ಇಪ್ಪತ್ತೇಳು ವರ್ಷ ಬೋರ್ಡಿನ ಮೇಲೆ ಇಂಜಿನ್ನಿನ ಚಿತ್ರ ಬರೆದವನು ನಾನು. ಸಿಲಿಂಡರಿಗೆ ಒಂದು ಬಣ್ಣ, ಪಿಸ್ಟನ್ನಿಗೆ ಒಂದು ಬಣ್ಣ, ಕಿಡಿಗೆ ಹಳದಿ ಸೀಮೆಸುಣ್ಣ. ನನಗೆ ಬಾರದೆ ಇನ್ಯಾರಿಗೆ ಬರಬೇಕು?

ಆ ಚಿತ್ರದ ವಿಷಯದಲ್ಲಿ ಒಂದು ಹಳೆಯ ಕಥೆಯಿದೆ. ಪಿಸ್ಟನ್ನು ಪೂರ್ತಿ ಮೇಲೆ ಬಂದಾಗ ಕಿಡಿ ಹಾರುತ್ತದೆ ಎಂದು ನಾನು ಪಾಠ ಮಾಡುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ಇಲ್ಲ ಸಾರ್, ಸ್ವಲ್ಪ ಮುಂಚೆಯೇ ಹಾರಬೇಕು, ಬೆಂಕಿ ಹತ್ತೋಕೂ ಹೊತ್ತು ಬೇಕಲ್ಲ ಎಂದ. ಅವನು ರಜೆಯಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದವನು. ಪುಸ್ತಕದಲ್ಲಿ ಇದ್ದದ್ದನ್ನು ಬರಿ, ಪರೀಕ್ಷೆಯಲ್ಲಿ ನಿಮ್ಮಪ್ಪ ಅಂಕ ಕೊಡುವುದಿಲ್ಲ ಎಂದು ಗದರಿ ಕೂರಿಸಿದೆ. ತರಗತಿ ನಕ್ಕಿತು. ಆ ಹುಡುಗ ಖಲೀಲ. ಅವನು ಹೇಳಿದ್ದು ಸರಿಯೆಂದು ಆಮೇಲೆ ದೊಡ್ಡ ಪುಸ್ತಕವೊಂದರಲ್ಲಿ ಓದಿದೆ. ಆದರೆ ಅವನಿಗೆ ಹೇಳಲಿಲ್ಲ. ಅಷ್ಟರಲ್ಲಿ ಅವನು ಶಾಲೆ ಬಿಟ್ಟಿದ್ದ.

ಮೊದಲ ಮೂರು ದಿನ ನಾನೊಬ್ಬನೇ ಹೆಣಗಿದೆ. ಇಂಜಿನ್ನಿನ ಬದಿಯ ಮುಚ್ಚಳ ತೆಗೆದರೆ ಒಳಗೆ ಪಾಯಿಂಟು ಎಂಬುದಿದೆ: ಒಂದಕ್ಕೊಂದು ಮುಟ್ಟಿಕೊಂಡಿರುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ಬಿಟ್ಟುಕೊಂಡ ಕ್ಷಣದಲ್ಲಿ ಕಿಡಿ ಹಾರುತ್ತದೆ. ಅವುಗಳ ನಡುವಿನ ಸಂದನ್ನು ತುಸು ಕಿರಿದು ಮಾಡಿದೆ. ಗಾಡಿ ಚಾಲೂ ಆಯಿತು, ಆದರೆ ಮುದಿ ಎತ್ತಿನಂತೆ ಎಳೆಯಲಾರದೆ ನಿಂತಿತು, ಸೈಲೆನ್ಸರು ಮಾತ್ರ ರೊಟ್ಟಿ ಸುಡುವಷ್ಟು ಕಾಯಿತು. ಪಾಯಿಂಟು ಕೂತಿರುವ ತಟ್ಟೆಯನ್ನು ಆ ಕಡೆ ತಿರುಗಿಸಿದೆ. ಕಿಕ್ಕರು ಮತ್ತೆ ಒದೆಯಿತು. ಈ ಕಡೆ ತಿರುಗಿಸಿದೆ, ಸುಮ್ಮನಾಯಿತು. ಮೂರನೆಯ ದಿನಕ್ಕೆ ಮೊದಲು ಎಲ್ಲಿತ್ತು ಎಂಬ ಗುರುತೂ ಅಳಿಸಿಹೋಗಿತ್ತು. ಅಂದು ಮಧ್ಯಾಹ್ನ ಒಂದು ಒದೆತಕ್ಕೆ ಗಾಡಿ ಚೆನ್ನಾಗಿಯೇ ಚಾಲೂ ಆಯಿತು. ಗೆದ್ದೆ ಎಂದುಕೊಂಡು ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಹೋಯಿತು. ನಂಬಿ, ಹಿಂದಕ್ಕೆ. ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಾರಿದರೆ ಇಂಥ ಇಂಜಿನ್ನುಗಳು ಉಲ್ಟಾ ತಿರುಗುವುದುಂಟಂತೆ. ನಾನೂ ಗಾಡಿಯೂ ಸೇರಿ ವಿಮಲಾಳ ಡೇರೆ ಹೂವಿನ ಕುಂಡಗಳ ಮೇಲೆ ಕೂತೆವು.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮುರಿದ ಡೇರೆ ಗಿಡಗಳನ್ನು ಎತ್ತಿ ಒಂದು ಬಕೆಟ್ಟಿನಲ್ಲಿಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಸ್ಪಾನರು ಹಿಡಿದು ಹೊರಗೆ ಬಂದರೆ ಗಾಡಿಯ ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಫೋನು, ಫೋನಿನ ಪಕ್ಕದಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಈ ಸೈಕಲ್ ಕಡ್ಡಿ. ಖಲೀಲ ಅದನ್ನು ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ. ವಿಮಲಾ ಬಸ್ ಸ್ಟ್ಯಾಂಡಿಗೆ ಹೋಗಿ ಇಸಕೊಂಡು ಬಂದಿದ್ದಳು. ಖಲೀಲ ಲೈನಿನಲ್ಲಿದ್ದಾನೆ, ಮಾತಾಡಿ ಎಂದಳು, ಎಕ್ಸ್‌ಚೇಂಜಿನ ದನಿಯಲ್ಲಿ. ನಾನು ಫೋನಿನ ಕಡೆಗೆ ಬಾಗಿದೆ. ಖಲೀಲನ ದನಿ ಬರುತ್ತಿತ್ತು, ಅಕ್ಷರಗಳು ಬರುತ್ತಿರಲಿಲ್ಲ. ನಾನು ಹೂಂ ಎಂದೆ. ವಿಮಲಾ ನನ್ನನ್ನು ನೋಡಿದಳು. ಹೂಂ ಅನ್ನುವ ಪ್ರಶ್ನೆಯಲ್ಲ ಅದು, ದಸರಾಕ್ಕೆ ಪಾಯಿಂಟು ಯಾರು ಮುಟ್ಟಿದರು ಎಂದು ಕೇಳುತ್ತಿದ್ದಾನೆ ಎಂದಳು.

ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಆಯುಧಪೂಜೆಗೆ ಗಾಡಿ ತೊಳೆಯುವಾಗ ಮುಚ್ಚಳ ತೆಗೆದು ಪಾಯಿಂಟನ್ನೂ ಉಜ್ಜಿದ್ದೆ. ಉಜ್ಜಿದ ಮೇಲೆ ಸಂದನ್ನು ಕಣ್ಣಳತೆಯಲ್ಲಿ ತುಸು ಹೆಚ್ಚೇ ಇಟ್ಟಿದ್ದೆ. ಸಂದು ಹೆಚ್ಚಾದರೆ ಕಿಡಿಯೂ ಜೋರಾಗುತ್ತದೆ ಎಂಬುದು ನನ್ನ ತರ್ಕ. ಸಂದು ಹೆಚ್ಚಾದರೆ ಬಿಲ್ಲೆಗಳು ಬೇಗ ಬಿಟ್ಟುಕೊಳ್ಳುತ್ತವೆ, ಕಿಡಿ ಬೇಗ ಹಾರುತ್ತದೆ ಎಂಬುದು ಹೊಳೆದಿರಲಿಲ್ಲ. ಪೆಟ್ರೋಲಿನದೇನೂ ತಪ್ಪಿರಲಿಲ್ಲ. ಇದನ್ನೆಲ್ಲ ಹೇಳಿ ಮುಗಿಸಿ ವಿಮಲಾಳ ಕಡೆ ತಿರುಗಿದೆ. ಖಲೀಲ ನಗುತ್ತಿದ್ದಾನೆಯೇ ಎಂದು ಕೇಳಿದೆ. ಇಲ್ಲ, ಚಾ ಕುಡಿಯುತ್ತಿದ್ದಾನೆ ಎಂದಳು ವಿಮಲಾ. ಅವಳು ಸುಳ್ಳು ಹೇಳಿದಳೆಂದು ನನ್ನ ಗುಮಾನಿ.

ಕೆಲಸ ಶುರುವಾಯಿತು. ಮೊದಲು ಸಂದನ್ನು ಸರಿಯಾದ ಅಳತೆಗೆ ತಂದೆವು. ಆಮೇಲೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿದೆ. ಅದು ಪಿಸ್ಟನ್ನಿನ ತಲೆಯ ಮೇಲೆ ನಿಲ್ಲುತ್ತದೆ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ಪಿಸ್ಟನ್ನು ಏರಿದಂತೆ ಕಡ್ಡಿಯೂ ಏರುತ್ತದೆ. ಮೇಲಿನ ಗೀರು ತೂತಿನ ಅಂಚಿಗೆ ಸಮ ಬಂದಾಗ ಕಿಡಿ ಹಾರಬೇಕು. ಕೆಳಗಿನ ಗೀರು ಸಮ ಬಂದರೆ ಪಿಸ್ಟನ್ನು ಪೂರ್ತಿ ಮೇಲೆ ಬಂದಿದೆ ಎಂದರ್ಥ. ಅಂದರೆ ನನ್ನ ಬೋರ್ಡಿನ ಚಿತ್ರ ಕೆಳಗಿನ ಗೀರಿನಲ್ಲಿತ್ತು, ಖಲೀಲನ ಮಾತು ಮೇಲಿನ ಗೀರಿನಲ್ಲಿತ್ತು.

ಬಿಲ್ಲೆಗಳು ಬಿಟ್ಟುಕೊಳ್ಳುವುದು ಕಣ್ಣಿಗೆ ಕಾಣುವುದಿಲ್ಲ. ನಡುವೆ ತೆಳ್ಳಗಿನ ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಬೇಕು. ಅದು ಸಡಿಲವಾದ ಕ್ಷಣವೇ ಕಿಡಿಯ ಕ್ಷಣ. ಮನೆಯಲ್ಲಿದ್ದ ಕಾಗದವೆಲ್ಲ ದಪ್ಪ. ವಿಮಲಾ ಒಳಗೆ ಹೋಗಿ ಬೀರುವಿನಿಂದ ಅವಳ ಓಲೆಗಳನ್ನು ಸುತ್ತಿಟ್ಟಿದ್ದ ಗುಲಾಬಿ ಬಣ್ಣದ ಕಾಗದ ತಂದಳು, ಚಿನ್ನದಂಗಡಿಯವರು ಕೊಡುತ್ತಾರಲ್ಲ, ಅದು. ಅದರ ಒಂದು ಎಳೆಯನ್ನು ಹರಿದು ಕೊಟ್ಟಳು.

ನಾನು ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಗುಲಾಬಿ ಕಾಗದ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ವಿಮಲಾ ಸೀರೆ ಸಿಕ್ಕಿಸಿಕೊಂಡು ಹಿಂದಿನ ಚಕ್ರ ಹಿಡಿದಳು. ಖಲೀಲ ಹೇಳುತ್ತಿದ್ದುದನ್ನು ಅವಳು ನನಗೆ ದಾಟಿಸುತ್ತಿದ್ದಳು, ನಾನು ಹೇಳಿದ್ದನ್ನು ಅವನಿಗೆ. ಕಾಗದ ಬೇಗ ಸಡಿಲಾಯಿತು ಎಂದರೆ ತಟ್ಟೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ. ತಡವಾಯಿತು ಎಂದರೆ ಅರ್ಧ ಕೂದಲು ಮುಂದಕ್ಕೆ. ಸ್ಕ್ರೂ ಬಿಗಿ ಮಾಡುವಾಗ ತಟ್ಟೆ ಮತ್ತೆ ಜರುಗುತ್ತದೆ, ಮತ್ತೆ ಮೊದಲಿನಿಂದ. ಹನ್ನೊಂದು ಸಲವೋ ಹನ್ನೆರಡು ಸಲವೋ ಮಾಡಿದೆವು. ಬಿಸಿಲು ಕಾಂಪೌಂಡಿನ ಗೋಡೆ ಬಿಟ್ಟು ನಮ್ಮ ಬೆನ್ನ ಮೇಲೆ ಬಂತು. ನನ್ನ ಕಾಲು ಜೋಮು ಹಿಡಿದಿತ್ತು, ಅವಳ ಅಂಗೈ ಕಪ್ಪಾಗಿತ್ತು. ನಾಳೆ ನೋಡೋಣ ಎಂದು ಅವಳು ಹೇಳಬಹುದೆಂದು ಕಾದೆ. ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೊಮ್ಮೆ ಮೇಲಿನ ಗೀರು ಅಂಚಿಗೆ ಬರುವುದಕ್ಕೂ ಗುಲಾಬಿ ಕಾಗದ ನನ್ನ ಬೆರಳಿಗೆ ಜಾರಿ ಬರುವುದಕ್ಕೂ ಸರಿಹೋಯಿತು. ಸ್ಕ್ರೂ ಬಿಗಿದ ಮೇಲೂ ಹಾಗೇ ಬಂತು.

ಆಗ ನಾನು ಫೋನಿಗೆ ಬಾಯಿ ಹಚ್ಚಿ, ಮೂವತ್ತು ವರ್ಷ ತಡವಾಗಿ, ಒಂಬತ್ತನೇ ಕ್ಲಾಸಿನಲ್ಲಿ ನೀನು ಹೇಳಿದ್ದೇ ಸರಿಯಾಗಿತ್ತು ಖಲೀಲ, ನಾನು ಹೇಳಿದ್ದು ತಪ್ಪು ಎಂದೆ. ಅವನ ಉತ್ತರವನ್ನು ವಿಮಲಾ ತಂದಳು. "ನಂಗೆ ನೆನಪೇ ಇಲ್ಲ ಮೇಷ್ಟ್ರೇ ಅಂತಿದಾನೆ. ಆದ್ರೆ ದನಿ ಕೇಳಿದ್ರೆ ನೆನಪಿರೋ ಹಾಗಿದೆ."

ಒಂದೇ ಒದೆತಕ್ಕೆ ಗಾಡಿ ಚಾಲೂ ಆಯಿತು, ಮುಂದಕ್ಕೂ ಹೋಯಿತು. ಆದರೆ ನಿಂತಲ್ಲಿ ನಾಕಿಂಗು ತಿಳಿಯುವುದಿಲ್ಲ. ಭಾರ ಹೊತ್ತು ಏರು ಹತ್ತುವಾಗಲೇ ಅದು ಬರುವುದು. ಭದ್ರಾವತಿಯವರೆಗೆ ಓಡಿಸಿಕೊಂಡು ಬನ್ನಿ, ನಾನೂ ನೋಡುತ್ತೇನೆ ಎಂದ ಖಲೀಲ. ನಾನು ಓಡಿಸಬಹುದು, ಕೇಳುವವರು ಯಾರು? ಬಟಾಣಿ ಸದ್ದು ಬಂದರೂ ನನಗೆ ತಿಳಿಯುವುದಿಲ್ಲ. ನಾನು ವಿಮಲಾಳ ಕಡೆ ನೋಡಿದೆ. ಕೈ ತೊಳೆದುಕೊಂಡು ಬಂದವಳು ಗಾಡಿಯ ಪಕ್ಕದಲ್ಲಿ ನಿಂತಳು, ಹತ್ತಲಿಲ್ಲ.

"ನನಗೆ ಕಿವಿ ಕೇಳ್ಸಲ್ಲ ಅಂತ ಒಂದ್ಸಲ ನಿಮ್ಮ ಬಾಯಲ್ಲಿ ಹೇಳಿ. ಆಮೇಲೆ ಕೂತ್ಕೋತೀನಿ."

ಇಂಜಿನ್ನು ತನ್ನ ಪಾಡಿಗೆ ಓಡುತ್ತಿತ್ತು. ಎದುರು ಮನೆಯವರು ಗೇಟಿನಲ್ಲಿ ನಿಂತು ನೋಡುತ್ತಿದ್ದರು. "ನನಗೆ ಕಿವಿ ಸರಿಯಾಗಿ ಕೇಳ್ಸಲ್ಲ. ಈ ವಾರ ಡಾಕ್ಟ್ರಿಗೆ ತೋರಿಸ್ತೀನಿ" ಎಂದೆ. ಕಿವಿ ಮಂದವಾದವರು ಎಷ್ಟು ಜೋರಾಗಿ ಮಾತಾಡುತ್ತೇವೆಂಬುದು ನಮಗೆ ತಿಳಿಯುವುದಿಲ್ಲ. ಎದುರು ಮನೆಯವರು ತಲೆಯಾಡಿಸಿ ಒಳಗೆ ಹೋದರು.

ವಿಮಲಾ ಹತ್ತಿ ಕೂತಳು. ನಾಕಿಂಗು ಕೇಳಿದರೆ ಬಲಭುಜಕ್ಕೆ ಒಂದು ತಟ್ಟು, ಹಿಂದೆ ದೊಡ್ಡ ಗಾಡಿ ಬಂದರೆ ಎಡಭುಜಕ್ಕೆ ಒಂದು ತಟ್ಟು ಎಂದು ಒಪ್ಪಂದವಾಯಿತು. ಊರು ದಾಟಿ ಮೇಲ್ಸೇತುವೆಯ ಏರು ಬಂತು. ಬೇಕೆಂದೇ ಗೇರು ಇಳಿಸದೆ ಆಕ್ಸಿಲರೇಟರು ಕೊಟ್ಟೆ. ನನ್ನ ಇಡೀ ಜೀವ ಬಲಭುಜದಲ್ಲಿತ್ತು. ತಟ್ಟು ಬಿತ್ತು. ಇಳಿದು, ಬದಿಗೆ ನಿಲ್ಲಿಸಿ, ಮುಚ್ಚಳ ತೆಗೆದು ತಟ್ಟೆಯನ್ನು ಅರ್ಧ ಕೂದಲಿನಷ್ಟು ಹಿಂದಕ್ಕೆ ಸರಿಸಿದೆ. ಗಾಡಿ ತಿರುಗಿಸಿಕೊಂಡು ಹೋಗಿ ಮತ್ತೆ ಅದೇ ಏರು ಹತ್ತಿದೆ. ಭುಜ ಸುಮ್ಮನಿತ್ತು. ತುದಿಯವರೆಗೂ ಸುಮ್ಮನಿತ್ತು. ಇನ್ನೊಮ್ಮೆ ಹತ್ತಿ ನೋಡಿದೆ. ಏನೂ ಇಲ್ಲ.

ಮಾಚೇನಹಳ್ಳಿ ದಾಟಿದ ಮೇಲೆ ಹಿಂದಿನಿಂದ ಅವಳು ಏನೋ ಹೇಳಿದಂತಾಯಿತು. ಭುಜ ತಟ್ಟಲಿಲ್ಲ, ಸುಮ್ಮನೆ ಹೇಳಿದಳು. ಗಾಳಿಯಲ್ಲಿ, ಎರಡು ಹೆಲ್ಮೆಟ್ಟುಗಳ ನಡುವೆ, ಮಾತು ಹರಿದುಹೋಯಿತು. ತಲೆಯಾಡಿಸಲು ಕತ್ತು ಆಗಲೇ ಸಿದ್ಧವಾಗಿತ್ತು. ನಾನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಆಫ್ ಮಾಡಿ, ಹೆಲ್ಮೆಟ್ ತೆಗೆದು ಹಿಂದಕ್ಕೆ ತಿರುಗಿದೆ. ಅವಳು ಗಾಬರಿಯಾದಳು, ಗಾಡಿಗೆ ಏನಾಯಿತು ಎಂದಳು. ಗಾಡಿಗೆ ಏನೂ ಆಗಿಲ್ಲ, ನೀನು ಏನೋ ಅಂದೆಯಲ್ಲ ಎಂದೆ. ಏನಿಲ್ಲ ಬಿಡಿ ಎಂದಳು. ನಾನು ಬಿಡಲಿಲ್ಲ, ಗಾಡಿಯನ್ನೂ ಹೊರಡಿಸಲಿಲ್ಲ. ಕೊನೆಗೆ, ಆ ಬೇಲಿಯ ಮೇಲೆ ಎಷ್ಟೊಂದು ಹಾಗಲಕಾಯಿ ಬಿಟ್ಟಿದೆ ನೋಡಿ ಅಂದೆ, ಅಷ್ಟೆ ಎಂದಳು. ಇಬ್ಬರೂ ನೋಡಿದೆವು. ನಿಜವಾಗಿಯೂ ಬಹಳ ಬಿಟ್ಟಿತ್ತು. ಅಲ್ಲಿಂದ ಮುಂದೆ ಅವಳ ಸಣ್ಣ ಮಾತುಗಳು ನಿಲ್ಲಲಿಲ್ಲ.

ಓಲ್ಡ್ ಟೌನಿನ ಗ್ಯಾರೇಜಿನ ಮುಂದೆ ಖಲೀಲ ಪ್ಲಾಸ್ಟರಿನ ಕೈ ಎದೆಗಾನಿಸಿಕೊಂಡು ನಿಂತಿದ್ದ. ಗಾಡಿ ನಿಲ್ಲಿಸಲು ಬಿಡದೆ ಬಗ್ಗಿ ಕಿವಿಗೊಟ್ಟ, ಎಡಗೈಯಿಂದ ಒಂದೆರಡು ಸಲ ಆಕ್ಸಿಲರೇಟರು ತಿರುವಿದ. ಬರಾಬರ್ ಇದೆ ಎಂದು ನನ್ನ ಮುಖದ ಮುಂದೆ ಬಂದು ಬಿಡಿಸಿ ಹೇಳಿದ. ಆಮೇಲೆ ಗಡಿಯಾರ ನೋಡಿದ. ಇಪ್ಪತ್ತು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿದದ್ದು ಅವನಿಗೆ ಅರ್ಥವಾಗಲಿಲ್ಲ.

"ದಾರೀಲಿ ನಿಂತುಬಿಡ್ತಾ ಮೇಷ್ಟ್ರೇ?"

"ಆರು ಸಲ ನಿಂತಿತು" ಎಂದೆ.

ಅವನು ಸ್ಕ್ರೂಡ್ರೈವರಿಗೆ ಕೈಹಾಕಿದ. ಬೇಡ, ಅದು ಟೈಮಿಂಗಿನ ತೊಂದರೆಯಲ್ಲ ಎಂದು ವಿಮಲಾ ಅವನಿಗೆ ಹೇಳಿದಳು.